ಇನ್ನೊಂದು ಪುಟ್ಟಿ ಮಣ್ಣು

ಪಕ್ಕದ ಮನೆ ದೊಡ್ಡಮ್ಮನ ಹಿಮ್ಮಡಿಗಳು ಒಡೆದು ಬಾಯಿಬಿಟ್ಟಿರುತ್ತಿದ್ದವು. ಆ ಬಿರುಕುಗಳ ತುಂಬ ಬೂದಿಬಣ್ಣದ ಕರಲು ಮಣ್ಣು. ಉಜ್ಜಿದರೂ ಹೋಗುತ್ತಿರಲಿಲ್ಲ ಎಂದಲ್ಲ, ಅವಳು ಉಜ್ಜುತ್ತಲೇ ಇರಲಿಲ್ಲ. ಮದುವೆಮನೆಗೆ ರೇಷ್ಮೆ ಸೀರೆ ಉಟ್ಟು ಬಂದಾಗಲೂ ಸೀರೆಯಂಚಿನ ಕೆಳಗೆ ಅವೇ ಕಾಲು. ನಮ್ಮವ್ವ, "ಥೂ, ಕಾಲಾದ್ರೂ ತೊಳ್ಕಂಡು ಬರಬಾರ್ದೇನಕ್ಕ?" ಅಂದರೆ, "ನಾಳೆ ಮತ್ತೆ ಮಾಳಿಗೆ ಹತ್ತಾದೈತಲ್ಲ, ತೊಳ್ದು ಏನ್ಮಾಡ್ಲಿ?" ಅನ್ನುತ್ತಿದ್ದಳು.

ದೊಡ್ಡಮ್ಮ ಎಂದರೆ ರಕ್ತಸಂಬಂಧವೇನಲ್ಲ. ನಮಗೂ ಅವರಿಗೂ ಇದ್ದದ್ದು ಒಂದು ಗೋಡೆಯ ಸಂಬಂಧ. ಹೊಸದುರ್ಗದಿಂದ ಬಾಗೂರಿನ ಕಡೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ಆಗ ಎಲ್ಲವೂ ಮಣ್ಣಿನ ಮಾಳಿಗೆ ಮನೆಗಳು. ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪುಸದೆ, ಎಲ್ಲದರ ಮೇಲೆ ಮಣ್ಣು. ಒಂದಕ್ಕೊಂದು ಅಂಟಿಕೊಂಡ ಮನೆಗಳಾದ್ದರಿಂದ ಒಂದು ಕಡೆ ಏಣಿ ಹತ್ತಿದರೆ ಬೀದಿಯ ಕೊನೆಯವರೆಗೂ ಮಾಳಿಗೆಯ ಮೇಲೇ ನಡೆದು ಹೋಗಬಹುದಿತ್ತು. ದೊಡ್ಡಮ್ಮ ದಿನಾ ಹಾಗೇ ಹೋಗುತ್ತಿದ್ದಳು. ಕೆಳಗೆ ಬೀದಿಯಲ್ಲಿ ಅವಳನ್ನು ಕಂಡವರು ಕಡಿಮೆ. ಬೆಳಕು ಬರಲೆಂದು ಬಿಟ್ಟಿದ್ದ ಬೆಳಕಿಂಡಿಯಿಂದ ಅವಳ ದನಿ ಮಾತ್ರ ಮನೆಯೊಳಗೆ ಬೀಳುತ್ತಿತ್ತು. "ಏನವ್ವ, ಒಲೆ ಇನ್ನಾ ಹಚ್ಚಿಲ್ವೆ?" "ಏನಪ್ಪ, ಹೆಂಡ್ತಿ ಮೇಲೆ ಯಾಕೆ ಕೂಗಾಡ್ತೀಯ?" ಯಾರ ಮನೆಯ ಜಗಳವೂ ಅವಳಿಗೆ ಗುಟ್ಟಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ನಮ್ಮ ಮನೆಗೆ ಬಂದಾಗ, ಮೇಲಿನಿಂದ "ಅಳಿಯಂದ್ರೆ, ಕುಂತ್ಕಳ್ರಿ, ಯಾಕೆ ನಿಂತೀರಿ?" ಎಂಬ ದನಿ ಕೇಳಿ ಬೆಚ್ಚಿ ಲೋಟ ಕೈಬಿಟ್ಟಿದ್ದರು.

ಅವಳಿಗೆ ಈ ಮಾಳಿಗೆಯ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಮಾಳಿಗೆ ಸೋರಿ, ಗೋಡೆ ನೆನೆದು, ಕೊಟ್ಟಿಗೆಯ ಕಡೆಗೆ ಕುಸಿದಿತ್ತಂತೆ. ಹಸು, ಕರು ಎರಡೂ ಅಡಿಯಲ್ಲಿ ಸಿಕ್ಕಿಕೊಂಡವು. ಆ ಕರು ಕೂಗಿದ್ದು ಇನ್ನೂ ಕಿವಿಯಲ್ಲಿದೆ ಎಂದು ಹೇಳುವಾಗ ಅವಳ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಅಂದಿನಿಂದ ಸೋರುವುದೆಂದರೆ ಅವಳಿಗೆ ಎಲ್ಲಿಲ್ಲದ ಭಯ.

ಕೆರೆಯಂಗಳದ ಆಚೆ ಏನೂ ಬೆಳೆಯದ ಕರಲು ನೆಲವಿತ್ತು. ಅಲ್ಲಿಯ ಉಪ್ಪುಪ್ಪು ಮಣ್ಣನ್ನು ಮಾಳಿಗೆಗೆ ಹರಡಿದರೆ ಮಳೆ ಬಿದ್ದಾಗ ಮೆತ್ತಿಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಎಲ್ಲ ಮನೆಯವರೂ ಮುಂಗಾರಿಗೆ ಮುಂಚೆ ಬಿದಿರಿನ ಪುಟ್ಟಿಗಳಲ್ಲಿ ಹೊರಿಸಿ ತಂದು ಅಷ್ಟಿಷ್ಟು ಹರಡಿಸುವುದು ವಾಡಿಕೆ. ದೊಡ್ಡಮ್ಮ ಮಾತ್ರ ಪ್ರತಿ ಮನೆಯ ಮಾಳಿಗೆಗೂ ಎದುರಿಗೆ ನಿಂತು ಹಾಕಿಸುತ್ತಿದ್ದಳು. ನಮ್ಮಪ್ಪ "ಆಯ್ತಲ್ಲಕ್ಕ, ಬಿಡು ಇನ್ನ" ಎಂದರೆ, "ಇನ್ನೊಂದು ಪುಟ್ಟಿ ಇರ್ಲಿ ಕಣಪ್ಪ, ಮಣ್ಣೇನು ಅನ್ನ ಕೇಳ್ತೈತಾ?" ಹಳೆಯ ಮಣ್ಣನ್ನು ಕೆರೆದು ತೆಗೆಯುವುದಕ್ಕೆ ಅವಳು ಯಾರಿಗೂ ಬಿಡುತ್ತಿರಲಿಲ್ಲ. ಕೂತ ಮಣ್ಣನ್ನು ಕೆದಕಿದರೆ ನೀರಿಗೆ ದಾರಿ ಮಾಡಿಕೊಟ್ಟಂತೆ ಎಂಬುದು ಅವಳ ವಾದ. ಹೀಗೆ ವರ್ಷದ ಮೇಲೆ ವರ್ಷ ಪುಟ್ಟಿಯ ಮೇಲೆ ಪುಟ್ಟಿ ಬಿದ್ದು, ನಮ್ಮ ಬೀದಿಯ ಮಾಳಿಗೆಗಳು ಮೊಣಕಾಲುದ್ದ ದಪ್ಪವಾಗಿದ್ದವು. ನಮ್ಮ ಬೀದಿಯಲ್ಲಿ ಒಂದು ಹನಿ ಸೋರುವುದಿಲ್ಲ ಎಂದು ನಾವೂ ಬೀಗುತ್ತಿದ್ದೆವು.

ನಾನು ಚೊಚ್ಚಲ ಹೆರಿಗೆಗೆ ಹಿರಿಯೂರಿನಿಂದ ತವರಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ನನ್ನ ಗಂಡ ಅಲ್ಲಿ ಹತ್ತಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಮಗಳು ಹುಟ್ಟಿದಳು. ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ, ಅಷ್ಟರಲ್ಲಿ ಚಿತ್ತೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆಯೆಂದರೆ ಬಂದು ಮುಖ ತೋರಿಸಿ ಹೋಗುವ ನೆಂಟ. ಆ ಸಲ ಬಂದದ್ದು ಕದಲಲೇ ಇಲ್ಲ. ಜಡಿ ಹಿಡಿದು ಹಗಲು ರಾತ್ರಿ ಸುರಿಯಿತು. ಆದರೂ ಯಾರೂ ಮಳೆ ಸಾಕು ಅನ್ನುವಂತಿರಲಿಲ್ಲ, ಬೇಡ ಅಂದರೆ ಮಳೆರಾಯ ಮುನಿಸಿಕೊಂಡು ಮುಂದಿನ ವರ್ಷ ಬರುವುದಿಲ್ಲ ಎಂಬ ನಂಬಿಕೆ. ಎಲ್ಲರ ಮುಖದಲ್ಲೂ ಭಯ, ಬಾಯಲ್ಲಿ ಮಾತ್ರ "ಒಳ್ಳೆ ಮಳೆ, ಒಳ್ಳೆ ಮಳೆ". ಬಾಣಂತಿಗೆ ಗಾಳಿ ಸೋಕಬಾರದೆಂದು ನಡುಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿ, ಕೆಂಡದ ಬಟ್ಟಲಿಟ್ಟು, ಬಾಗಿಲು ಭದ್ರವಾಗಿ ಮುಚ್ಚಿದ್ದರು. ಹೊಗೆ, ಕತ್ತಲು, ಮೇಲೆ ಒಂದೇ ಸಮನೆ ಮಳೆಯ ಸದ್ದು. ನಾನು ಮಲಗಿದ ಕಡೆಯಿಂದ ಕಾಣುತ್ತಿದ್ದದ್ದು ಮೇಲಿನ ತೊಲೆಯೊಂದೇ. ಅದನ್ನೇ ನೋಡುತ್ತ ಮಲಗಿರುತ್ತಿದ್ದೆ.

ಆ ದಿನ ಮಧ್ಯಾಹ್ನ ಮಗುವಿನ ಹಣೆಯ ಮೇಲೆ ಒಣ ಹುಡಿ ಕಂಡಿತು. ಒರೆಸಿದೆ. ಮತ್ತೆ ಬಿತ್ತು. ಅಷ್ಟರಲ್ಲಿ ಬೆಳಕಿಂಡಿಗೆ ಮಳೆಗೆಂದು ಮುಚ್ಚಿದ್ದ ಮಡಕೆ ಸರಿದು, ಗೋಣಿಯ ಕೊಪ್ಪೆ ಹೊದ್ದ ತಲೆಯೊಂದು ಇಣುಕಿತು.

"ಏನವ್ವ ಬಾಣಂತಿ, ಸೋರ್ತೈತಾ?"

"ಇಲ್ಲ ದೊಡ್ಡಮ್ಮ, ಒಂದು ಹನೀನೂ ಇಲ್ಲ. ಹುಡಿ ಉದುರ್ತೈತೆ ಅಷ್ಟೆ."

ಅವಳು ಕೊಪ್ಪೆ ಹಿಂದಕ್ಕೆ ಸರಿಸಿ ತಲೆಯನ್ನು ಇನ್ನಷ್ಟು ಒಳಗೆ ತೂರಿಸಿದಳು.

"ಹುಡಿ ಎಲ್ಲಿಂದ? ತೊಲೆಯಿಂದ್ಲಾ?"

"ಹೂಂ. ತೊಲೆ ಗೋಡೆ ಸೇರೋ ಹತ್ರ."

"ಬಾಗ್ಲು ತಗದು ಹೊರಗೆ ಹೋಗು. ಈಗ್ಲೇ."

ಎದ್ದು ಎಳೆದೆ. ಬಾಗಿಲು ಬರಲಿಲ್ಲ. ಮೇಲಿನ ಭಾರಕ್ಕೆ ಚೌಕಟ್ಟು ಕೂತು ಬಾಗಿಲನ್ನು ಕಚ್ಚಿಕೊಂಡುಬಿಟ್ಟಿತ್ತು. ನಾನು ಕಿರುಚಿದೆ. ಅವ್ವ ಹೊರಗಿನಿಂದ ಬಾಗಿಲು ಬಡಿಯತೊಡಗಿದಳು, ಅಪ್ಪ ಹೆಗಲು ಕೊಟ್ಟು ದಬ್ಬಲು ನಿಂತ.

"ದಬ್ಬಬ್ಯಾಡ್ರೋ!" ಮೇಲಿನಿಂದ ದೊಡ್ಡಮ್ಮ ಕೂಗಿದ ಕೂಗಿಗೆ ಮಗು ಬೆಚ್ಚಿ ಅತ್ತಿತು. "ಆ ಬಾಗ್ಲೇ ಈಗ ಮಾಳಿಗೆ ಹೊತ್ಕಂಡು ನಿಂತೈತೆ! ಮುಟ್ಟಬ್ಯಾಡ್ರಿ! ಮಗಳೇ, ಮಂಚದ ಕೆಳಗೆ ಮಗೂನ ತಗಂಡು ಗೋಡೆ ಮೂಲೆಗೆ ಸೇರ್ಕ. ಅಲ್ಲಾಡಬ್ಯಾಡ."

ಹಸಿ ಬಾಣಂತಿ ಮೈಯಲ್ಲಿ ಮಂಚದ ಕೆಳಗೆ ತೂರಿದೆ. ಮಗಳನ್ನು ಎದೆಗೆ ಅವಚಿಕೊಂಡು ಮೇಲೆ ಆಲಿಸಿದೆ. ಗುದ್ದಲಿಯ ಸದ್ದು ಕೇಳಿತು. ಧಡ್, ಧಡ್. ದೊಡ್ಡಮ್ಮ ಅಷ್ಟು ವರ್ಷ ತುಳಿದು ತುಳಿದು ಕೂರಿಸಿದ ಮಣ್ಣನ್ನು, ಸುರಿಯುವ ಮಳೆಯಲ್ಲಿ, ತಾನೇ ಕೆತ್ತಿ ಬೀದಿಗೆ ಎಸೆಯುತ್ತಿದ್ದಳು. ಬೀದಿಯ ಗಂಡಸರೆಲ್ಲ ಓಡಿ ಬಂದರು. "ಏ ಮುದುಕಿಗೆ ತಲೆ ಕೆಟ್ಟೈತೆ! ಮಳೇಲಿ ಮಾಳಿಗೆ ಬಿಚ್ತಾವ್ಳೆ!" ಎಂದು ಯಾರೋ ಕೂಗಿದರು. ಅಪ್ಪ ಏಣಿ ಹತ್ತಿ, "ಅಕ್ಕ, ಏನ್ಮಾಡ್ತಿದ್ದೀಯ? ನೀರೆಲ್ಲ ಒಳಗೆ ಇಳಿತೈತೆ, ಕೂಸೈತೆ ಕೆಳಗೆ!" ಎಂದು ಅವಳ ಕೈ ಹಿಡಿದನಂತೆ.

ಆಮೇಲೆ ಅವಳು ಆಡಿದ ಮಾತನ್ನು ನಾನು ಬೆಳಕಿಂಡಿಯಿಂದ ಕಿವಿಯಾರೆ ಕೇಳಿದೆ. ಬೀದಿಯೂ ಕೇಳಿತು.

"ಇಳಿಲಿ ಬಿಡೋ! ಸೋರಿದ್ರೆ ನೆನಿತಾರೆ, ಬಿದ್ರೆ ಸಾಯ್ತಾರೆ. ತಪ್ಪು ನಂದು ಕಣಪ್ಪ, ಈ ಹೊರೆ ನಾನೇ ಹಾಕ್ಸಿದ್ದು. ಸೋರಾದೊಂದೇ ನೋಡ್ದೆ, ಭಾರ ನೋಡ್ಲಿಲ್ಲ. ಈಗ ಬಾಯಿ ಮುಚ್ಕಂಡು ಮಣ್ಣು ಎತ್ತು!"

ಅಪ್ಪ ಎತ್ತಿದ. ಉಳಿದವರೂ ಹತ್ತಲು ಹೋದಾಗ "ಎಲ್ರೂ ಬರಬ್ಯಾಡ್ರಿ, ನಿಮ್ಮ ಭಾರನೂ ಸೇರ್ತೈತೆ" ಎಂದು ಗದರಿಸಿ ಕೆಳಗೇ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ನೀರು ಒಳಗೆ ಇಳಿಯಿತು. ಮೊದಲು ಹನಿ, ಆಮೇಲೆ ಧಾರೆ, ಆಮೇಲೆ ಕೆಸರು. ಕೆಂಡ ಚುಂಯ್ ಎಂದು ಆರಿತು. ಮಂಚದ ಹುರಿಯ ಸಂದಿನಿಂದ ತಣ್ಣನೆಯ ಕೊಳೆನೀರು ಮಗುವಿನ ಮುಖದ ಮೇಲೆ ಸುರಿದಾಗ ಅದು ಉಸಿರು ಕಟ್ಟಿ ನೀಲಿಗಟ್ಟಿತು. ನಾನು ಬಾಯಿ ಸತ್ತವಳಲ್ಲ. ಜೀವಮಾನದಲ್ಲಿ ಕಲಿತಿದ್ದ ಬೈಗುಳವನ್ನೆಲ್ಲ ಬೆಳಕಿಂಡಿಯ ಕಡೆಗೆ ಎಸೆದೆ. "ನಿನ್ನ ಕೈ ಮುರಿಯ! ನಿನ್ನ ಮನೆ ಹಾಳಾಗ! ನನ್ನ ಕೂಸನ್ನ ಕೊಲ್ತಿದ್ದೀಯಲ್ಲೇ!" ಗುದ್ದಲಿಯ ಸದ್ದು ಮಾತ್ರ ನಿಲ್ಲಲಿಲ್ಲ.

ಮಗುವಿನ ಬೆನ್ನು ತಿಕ್ಕಿ ತಿಕ್ಕಿ, ಕೊನೆಗೆ ಅದು ಮತ್ತೆ ಅತ್ತಾಗ ನನಗೆ ಜೀವ ಬಂದಂತಾಯಿತು. ಅದೇ ಹೊತ್ತಿಗೆ ಬಾಗಿಲು ಕಿರ್ರೆಂದಿತು. ಭಾರ ಇಳಿದು ಚೌಕಟ್ಟು ಒಂದಿಷ್ಟು ಸಡಿಲವಾಗಿತ್ತು. ಮೇಲಿನಿಂದ "ಈಗ ತಗೀರಿ, ಮೆಲ್ಲಗೆ!" ಎಂಬ ಅಪ್ಪಣೆ ಬಂತು. ಅವ್ವ ಹೊರಗಿನಿಂದ ದಬ್ಬಿದಳು, ನಾನು ಮಗುವಿನೊಂದಿಗೆ ಹೊರಬಿದ್ದೆ. ಬೀದಿಯ ಕೊನೆಯಲ್ಲಿದ್ದ ಹೆಂಚಿನ ಶಾಲೆಗೆ ಕಂಬಳಿ ಹೊದಿಸಿ ಕರೆದೊಯ್ದರು. ಅಲ್ಲಿ ನಡುಗುತ್ತ ಕೂತಿದ್ದಾಗಲೇ ಆ ತೊಲೆ ಮುರಿದ ಸದ್ದು ಕೇಳಿಸಿತು. ಹೊರೆಯಿಲ್ಲದ ಕಾರಣ ಅರ್ಧ ಜೋತು ನಿಂತಿತು, ಅಷ್ಟೆ. ಅಪ್ಪ, ದೊಡ್ಡಮ್ಮ ಇಬ್ಬರೂ ಆಗಲೇ ಪಕ್ಕದ ಮಾಳಿಗೆಗೆ ದಾಟಿದ್ದರು.

ಮಳೆ ನಿಂತ ಮೇಲೆ ನಮ್ಮ ಮನೆಯ ಅವಸ್ಥೆ ನೋಡುವ ಹಾಗಿರಲಿಲ್ಲ. ರಾಗಿ ಮೊಳಕೆ ಬಂದು ವಾಸನೆ ಹೊಡೆಯುತ್ತಿತ್ತು, ಗೋಡೆಯ ಸುಣ್ಣ ಹೊಪ್ಪಳಿಕೆ ಎದ್ದು ಉದುರುತ್ತಿತ್ತು, ಕೌದಿಗಳು ವಾರಗಟ್ಟಲೆ ಒಣಗಲಿಲ್ಲ. ದೊಡ್ಡಮ್ಮ ಅವ್ವನ ಜೊತೆ ಕೂತು ರಾಗಿ ಹರಡಿದಳು, ಗೋಡೆಗೆ ಮಣ್ಣು ಮೆತ್ತಿದಳು. ಆ ಬೇಸಿಗೆ ಮನೆಮನೆಗೂ ಹೋಗಿ, "ನಾ ಹೇಳಿದ್ದು ತಪ್ಪಾಗಿತ್ತು ಕಣ್ರಪ್ಪ, ಹಳೇದು ಕೆರೆದು ತೆಗೀರಿ" ಎಂದು ಬೇಡಿಕೊಂಡಳು. ಕೆಲವರು ನಕ್ಕರು, ಒಬ್ಬಾತ "ಹಾಕು ಅಂದೋಳೂ ನೀನೆ, ತೆಗಿ ಅಂದೋಳೂ ನೀನೆ" ಎಂದು ರೇಗಿದ. "ಹೌದಪ್ಪ, ಎರಡೂ ನಾನೇ" ಎಂದು ಪುಟ್ಟಿ ಹಿಡಿದು ಅವನ ಮಾಳಿಗೆಯನ್ನೂ ಹತ್ತಿದಳು. ನನಗೆ ಈಗ ಅನ್ನಿಸುವುದು ಇಷ್ಟೆ. ತಾನು ನಂಬಿದ್ದು ತಪ್ಪು ಎಂದು ಒಪ್ಪಲು ಅವಳು ಅವತ್ತು ಒಂದು ಗಳಿಗೆ ಹಿಂದೆಮುಂದೆ ನೋಡಿದ್ದರೂ ನಾನು, ನನ್ನ ಮಗಳು ಇರುತ್ತಿರಲಿಲ್ಲ.

ಅವಳು ತೀರಿಕೊಂಡ ಸುದ್ದಿ ಹಿರಿಯೂರಿಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದುಹೋಗಿತ್ತು. ಮುಖ ನೋಡಲಾಗಲಿಲ್ಲ ಎಂಬ ಸಂಕಟ ಇವತ್ತಿಗೂ ಇದೆ. ಅದರ ಹಿಂದಿನ ಬೇಸಿಗೆಯಲ್ಲಿ ಒಮ್ಮೆ ಊರಿಗೆ ಹೋಗಿದ್ದೆ. ಮಾಳಿಗೆ ಹತ್ತುವುದು ನಿಂತು, ಪಡಸಾಲೆಯಲ್ಲಿ ಮಲಗಿದ್ದಳು. ನನ್ನ ಮಗಳು ಅವಳ ಮಗ್ಗುಲಲ್ಲಿ ಕೂತು ಬಾಯ್ತುಂಬ ಮಾತಾಡುತ್ತಿದ್ದಳು. ದೊಡ್ಡಮ್ಮ ಅವಳ ಕೂದಲು ನೇವರಿಸುತ್ತ ನನ್ನ ಕಡೆ ತಿರುಗಿ ಕೇಳಿದಳು:

"ಅವತ್ತು ನನ್ನ ಬೈದ್ಯಲ್ಲವ್ವ, ಮನಸಿಂದ ಬೈದ್ಯೋ, ಬಾಯಿಂದ್ಲೋ?"

ಅವಳ ಎದುರು ಸುಳ್ಳು ಹೇಳಲು ನನಗೆ ಬರುತ್ತಿರಲಿಲ್ಲ. "ಮನಸಿಂದ್ಲೇ ಬೈದೆ ದೊಡ್ಡಮ್ಮ" ಎನ್ನುತ್ತ ಅತ್ತುಬಿಟ್ಟೆ.

ಅವಳ ಬೊಚ್ಚುಬಾಯಿ ಅಗಲವಾಯಿತು. "ಅಳ್ತೀಯಾಕೆ ಹುಚ್ಚಿ? ಗುದ್ದಲಿ ಹಾಕ್ತಾ ನಾನು ಕೇಳ್ತಿದ್ದದ್ದು ಅದನ್ನೇ. ನಿನ್ನ ಬೈಗಳ ಕೇಳಿಸ್ತಿರೋವರ್ಗೂ ನೀವಿಬ್ರೂ ಇದ್ದೀರಿ ಅಂತ ಗೊತ್ತಾಗ್ತಿತ್ತು."