ಬಿಸಿನೀರಲ್ಲಿ ತೊಳೆದ ಬೋಕಿಗಳು

ಹೋದ ಮಂಗಳವಾರ ನಾನು ಸಾವಿರ ವರ್ಷ ಹಳೆಯ ಮಡಕೆ ಚೂರುಗಳನ್ನು ಸೀಗೆಪುಡಿ ಹಾಕಿ ತೊಳೆದೆ. ಬಿಸಿನೀರಿನಲ್ಲಿ. ಮೂರು ಸಲ.

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ನಗುವಂಥದ್ದೇನೂ ಇಲ್ಲ.

ನಮ್ಮ ಯಜಮಾನರ ಕೆಲಸ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ನೆಲ ಅಗೆಸುವುದು, ಸಿಕ್ಕಿದ್ದನ್ನು ಕೋಲಾರದ ನಮ್ಮ ಮನೆಗೆ ಹೊತ್ತು ತರುವುದು. ಈ ಸಲ ಬೈರಕೂರಿನ ಹತ್ತಿರ ಮಾವಿನ ತೋಪಿನಲ್ಲಿ ಬಾವಿ ತೋಡುವಾಗ ಕುಂಬಾರರ ಹಳೆಯ ಆವಿಗೆ ಸಿಕ್ಕಿತು, ಮಡಕೆ ಸುಡುವ ಗೂಡು. ನೊಳಂಬರ ಕಾಲದ್ದಿರಬಹುದೆಂದು ಅವರ ಅಂದಾಜು. ಪಕ್ಕದ ಗುಂಡಿಯಲ್ಲಿ ಒಡೆದು ಬಿಸಾಡಿದ ಬೋಕಿಗಳು, ಪದರದ ಮೇಲೆ ಪದರ. ಯಾವುದು ಎಷ್ಟು ಆಳದಲ್ಲಿ ಸಿಕ್ಕಿತೆಂದು ಒಂದೊಂದರ ಒಳಮೈಗೂ ನಂಬರು ಹಾಕಿದ್ದರು. ಈ ಮಹಾಯುದ್ಧದ ಕಾಲದಲ್ಲಿ ವಿಲಾಯತಿಯ ಒಳ್ಳೆಯ ಇಂಕ್ ಎಲ್ಲಿ ಸಿಗುತ್ತದೆ? ಮಗಳ ಸ್ಕೂಲ್ ಇಂಕಿನಲ್ಲೇ ಬರೆದಿದ್ದರು. "ನೀರು ಮಾತ್ರ ಸೋಕಿಸಬೇಡ ಕಣೇ" ಅಂತ ಎರಡು ಸಲ ಹೇಳಿ ಬೆಂಗಳೂರಿಗೆ ಹೋದರು.

ಮಣ್ಣಿನ ಬಗೆ ವಿಂಗಡಿಸಲು ಮುನೆಮ್ಮನನ್ನು ಗೊತ್ತು ಮಾಡಿದ್ದರು. ಕ್ಯಾಲನೂರಿನ ಕುಂಬಾರರ ಹೆಂಗಸು. ಅವಳು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಜಗಲಿಯ ಮೇಲೆ ಕೂತು ಅವಳು ಚೂರಿನ ಅಂಚನ್ನು ಇಕ್ಕಳದಿಂದ ಪಟ್ಟೆಂದು ಮುರಿದಳು. ಹೊರಗೆ ಕೆಂಪು, ನಡುವೆ ಕಪ್ಪು ಗೆರೆ.

"ಚೂಡಮ್ಮಾ, ಒಳಗಂಟ ಬೆಂಕಿ ಹೋಗಿಲ್ಲ. ಅರೆಬೆಂದ ರೊಟ್ಟಿ ಇದ್ದಂಗೆ." (ಚೂಡು ಅಂದರೆ ನೋಡು. ಅವಳಿಗೆ ತೆಲುಗು, ಕನ್ನಡ ಎರಡೂ ಒಂದೇ.)

"ಮಿನುಗ್ತಾ ಇದೆಯಲ್ಲ, ಇದೇನು?"

"ಕಾಗೆಬಂಗಾರ. ಕೆರೆಮಣ್ಣಿಗೆ ಹಳ್ಳದ ಮರಳು ಬೆರೆಸವ್ರೆ."

"ಈ ತೂತುಗಳು?"

"ಹೊಟ್ಟು ಕಲಸಿದ್ದು. ಸುಟ್ಟಾಗ ಹೊಟ್ಟು ಹೋಯ್ತು, ತೂತು ಉಳೀತು. ನಾನೂ ಅಂಗೇ ಮಾಡೋದು. ನಿಮ್ಮ ಇಸ್ಕೂಲಲ್ಲಿ ಇದೆಲ್ಲ ಯೋಳ್ಕೊಡ್ಲಿಲ್ವಾ?"

(ಇಲ್ಲ. ಕಾನ್ವೆಂಟಿನಲ್ಲಿ ನನಗೆ ಲೇಸ್ ಹೆಣೆಯಲು ಹೇಳಿಕೊಟ್ಟರು.)

ಆಮೇಲೆ ಅವಳು ಮುರಿದ ಅಂಚನ್ನು ನಾಲಿಗೆಗೆ ತಾಗಿಸಿದಳು. "ಅಂಟ್ಕಂಡ್ರೆ ಹಸಿ. ಅಂಟಲಿಲ್ಲ ಅಂದ್ರೆ ಚೆಂದಾಗಿ ಬೆಂದೈತೆ." ಒಂದಾದ ಮೇಲೊಂದು, ಇಡೀ ಟ್ರೇ. ನನ್ನ ಕೈ ಬರೆಯುತ್ತಲೇ ಇತ್ತು. ಕಣ್ಣು ಅವಳ ಎಲೆಅಡಿಕೆಯ ಕೆಂಪು ತುಟಿಯ ಮೇಲಿತ್ತು.

ಎಂಜಲು!

ಮೊನ್ನೆ ಮೊನ್ನೆ ಇದೇ ಅಂಕಣದಲ್ಲಿ ಮಡಿಹುಚ್ಚಿನ ಅತ್ತೆಯರನ್ನು ಗೇಲಿ ಮಾಡಿ ಬರೆದವಳು ನಾನು. ಮುನೆಮ್ಮ ಗೇಟು ದಾಟಿದ್ದೇ ತಡ, ಹಂಡೆಯಿಂದ ನೀರು ತೋಡಿದೆ. ಇಂಕಿನ ನೆನಪು ಇರಲಿಲ್ಲವೇ? ಇತ್ತು. ಮೆಲ್ಲಗೆ ತೊಳೆದರೆ ಹೋಗಲಾರದು ಅಂದುಕೊಂಡೆ. ಮೂರನೆಯ ನೀರಿಗೆ ಬೋಗುಣಿಯೆಲ್ಲ ನೀಲಿ.

ತಲೆ ಎತ್ತಿದರೆ ಮುನೆಮ್ಮ. ಬುಟ್ಟಿ ಹೊರುವ ಸಿಂಬಿಯನ್ನು ಜಗಲಿಯಲ್ಲೇ ಮರೆತಿದ್ದಳಂತೆ. ಬೋಗುಣಿ ನೋಡಿದಳು. ನನ್ನನ್ನು ನೋಡಿದಳು. ಸಿಂಬಿ ತೆಗೆದುಕೊಂಡು "ಬರ್ತೀನಮ್ಮಾ" ಎಂದು ಹೋದಳು.

ಇನ್ನೊಂದು ಮಾತು ಹೇಳಬೇಕು. ನಮ್ಮ ಯಜಮಾನರೂ ಚೂರುಗಳನ್ನು ಹಾಗೇ ನಾಲಿಗೆಗೆ ತಾಗಿಸಿ ನೋಡುತ್ತಾರೆ. ನಾನು "ಉಪ್ಪು ಸರಿಯಾಗಿದೆಯಾ?" ಅಂತ ತಮಾಷೆ ಮಾಡಿದ್ದೂ ಉಂಟು. ಅವರು ತಾಗಿಸಿದ ಒಂದೇ ಒಂದು ಚೂರನ್ನೂ ನಾನು ತೊಳೆದಿಲ್ಲ.

ಗುರುವಾರ ಅವರು ಬಂದರು. ಟ್ರೇ ತೆಗೆದರು. ನಂಬರಿದ್ದ ಕಡೆಯೆಲ್ಲ ನೀಲಿ ಮಬ್ಬು. ನೋಟ್‌ಬುಕ್ಕಿನಲ್ಲಿ "ಹದಿನೇಳು: ನಡುವೆ ಕಪ್ಪು ಗೆರೆ" ಎಂದಿದೆ. ಕಪ್ಪು ಗೆರೆಯ ಚೂರುಗಳು ಅರ್ಧ ಟ್ರೇ ಇವೆ, ಹದಿನೇಳು ಯಾವುದು? ಆ ಕುಂಬಾರರು ಯಾವ ಮಣ್ಣನ್ನು ಮೊದಲು ತಂದರು, ಯಾವುದನ್ನು ಆಮೇಲೆ, ಕೈ ಹೇಗೆ ಪಳಗಿತು ಎಂದೆಲ್ಲ ಅವರ ರಿಪೋರ್ಟಿನಲ್ಲಿ ಬರಬೇಕಿತ್ತು. ಇನ್ನು ಬರುವುದಿಲ್ಲ. ಲೆನ್ಸ್ ಹಿಡಿದು ನೆಲದ ಮೇಲೆ ಕೂತೇಬಿಟ್ಟರು.

"ಏನಾಯ್ತೇ ಇದು?"

"ಮುನೆಮ್ಮ ಒದ್ದೆ ಕೈಯಲ್ಲಿ ಮುಟ್ಟಿದಳೋ ಏನೋ" ಅಂದೆ.

ಆ "ಏನೋ" ಸೇರಿಸಿದರೆ ಸುಳ್ಳು ಅರ್ಧ ಕಡಿಮೆಯಾಗುತ್ತದೆಯೇ? ಹಾಗೆ ಅಂದುಕೊಂಡೇ ಸೇರಿಸಿದ್ದೆ.

ಇನ್ನೂ ಒಂದು ಬುಟ್ಟಿ ಚೂರುಗಳು ವಿಂಗಡಿಸದೆ ಉಳಿದಿದ್ದವು, ಶನಿವಾರ ಅದರ ಕೆಲಸಕ್ಕೆ ಮುನೆಮ್ಮ ಬಂದಳು. ಸೀರೆ ಒಗೆದು ಉಟ್ಟಿದ್ದಳು, ತಲೆ ಬಾಚಿದ್ದಳು. ಯಜಮಾನರು ಬಾಗಿಲಲ್ಲೇ ನಿಂತು, ಗದರದೆ ಹೇಳಿದರು. "ಒದ್ದೆ ಕೈಯಲ್ಲಿ ಮುಟ್ಟಬಾರದಿತ್ತು ಮುನೆಮ್ಮ. ಇನ್ನು ಬೇಡ ಬಿಡು."

ಅವಳು ಅವರ ಹೆಗಲ ಪಕ್ಕದಿಂದ ನನ್ನನ್ನು ನೋಡಿದಳು. ಒಂದು ಮಾತು ಸಾಕಿತ್ತು, ಅವಳದಾದರೂ ಸರಿ, ನನ್ನದಾದರೂ ಸರಿ. ನಾನು ಸೆರಗಿನ ಅಂಚಿನ ದಾರ ಎಳೆಯುತ್ತಾ ನಿಂತಿದ್ದೆ.

"ಆಯ್ತು ಸಾಮಿ" ಅಂದಳು. ಮೆಟ್ಟಿಲಿಳಿದವಳು ತಿರುಗಿ, "ಬುಟ್ಟೀಲಿರೋ ದಪ್ಪ ಚೂರುಗಳು ಪೂರಾ ಹಸಿ ಅವೆ. ನೀರು ಸೋಕಿದ್ರೆ ಪುಡಿಯಾಗ್ತವೆ. ಅಮ್ಮಾರಿಗೆ ವಸಿ ಯೋಳಿ" ಅಂದಳು.

"ನೋಡು, ತಪ್ಪಾದ ಮೇಲೂ ಎಷ್ಟು ಕಾಳಜಿ ಅವಳಿಗೆ" ಎಂದು ಯಜಮಾನರು ಒಳಗೆ ಬಂದರು. ಅವರಿಗೆ ಏನೂ ತಿಳಿದಿರಲಿಲ್ಲ.

ಪತ್ರಿಕೆ ಮನೆಗೆ ಬಂದಾಗ ತಿಳಿಯುತ್ತದೆ. ನಿಮಗೂ ಈಗ ತಿಳಿಯಿತು. ಮುನೆಮ್ಮನಿಗೆ ಓದು ಬರುವುದಿಲ್ಲ. ಕ್ಯಾಲನೂರೇನು ದೂರವೇ, ಬಸ್ಸಿದೆ. ಆದರೂ ನಾನು ಬಸ್ಸು ಹತ್ತದೆ ಪೆನ್ನು ಹಿಡಿದು ಕೂತಿದ್ದೇನಲ್ಲ, ಯಾಕೆ?