ಬೋರಲು ಮಲಗಿದ ಚಕ್ರವರ್ತಿ

ರೋಮಿನ ಹಳೆಯ ಬೆಳ್ಳಿ ನಾಣ್ಯಗಳನ್ನು ಕೂಡಿಹಾಕುವ ಹುಚ್ಚು ನನಗಿದೆ. ಚಿತ್ರದುರ್ಗದಲ್ಲಿ ಕೂತವನಿಗೆ ರೋಮ್ ಯಾಕೆ ಎಂದು ನಗುವವರಿಗೆ, ಊರ ಪಕ್ಕದ ಚಂದ್ರವಳ್ಳಿಯ ಮಣ್ಣಿನಲ್ಲೇ ಅಂಥವು ಸಿಕ್ಕಿವೆ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ. ನಾಣ್ಯ ಕೈಗೆ ಬಂದರೆ ಮೊದಲು ನೋಡುವುದು ಚಕ್ರವರ್ತಿಯ ಮುಖ. ಒಬ್ಬನದು ಗಿಣಿಮೂಗು, ಇನ್ನೊಬ್ಬನದು ಎತ್ತಿನ ಕತ್ತು. ನನ್ನ ಹತ್ತಿರ ಇಲ್ಲದೆ ಕಾಡುತ್ತಿದ್ದವನು ಯೇಸುವಿನ ಕಾಲದಲ್ಲಿ ಆಳಿದ ಚಕ್ರವರ್ತಿ.

ಅವನಿದ್ದದ್ದು ಹಿರಿಯೂರಿನ ಹತ್ತಿರದ ಆದಿವಾಲದಲ್ಲಿ, ಕುರಿ ಸಾಕುವ ನಮ್ಮ ದೊಡ್ಡಮ್ಮನ ದೇವರ ಗೂಡಿನಲ್ಲಿ. ಕುರಿ ಮೇಯಿಸುವಾಗ ಯಾವ ಕಾಲದಲ್ಲೋ ಹಿರಿಯರಿಗೆ ಸಿಕ್ಕ ನಾಣ್ಯವಂತೆ. ಆ ಚಕ್ರವರ್ತಿಯ ನಾಣ್ಯದ ಹಿಂಬದಿಯಲ್ಲಿ ಕೋಲು ಹಿಡಿದು ಪೀಠದ ಮೇಲೆ ಕೂತ ಹೆಂಗಸಿರುತ್ತಾಳೆ. ಮನೆಯವರು ಅವಳನ್ನೇ ಲಕ್ಷ್ಮಿ ಎಂದುಕೊಂಡು, ಅವಳು ಮೇಲಾಗುವಂತೆ ನಾಣ್ಯವನ್ನು ಮರದ ಮಣೆಗೆ ಅರಗು ಹಾಕಿ ಅಂಟಿಸಿಬಿಟ್ಟಿದ್ದರು. ಚಕ್ರವರ್ತಿ ತಲೆಮಾರುಗಳಿಂದ ಬೋರಲು ಮಲಗಿದ್ದ. ಮೇಲಿದ್ದ ಲಕ್ಷ್ಮಿ ಅಮ್ಮನಿಗೆ ಪ್ರತಿ ಅಮಾವಾಸ್ಯೆ ಹುಣಸೆಹಣ್ಣು, ಬೂದಿಯ ಸ್ನಾನ.

ಹಾಗೆ ತಿಕ್ಕಿದರೆ ಬೆಳ್ಳಿ ಸವೆಯುತ್ತದೆ ಎಂದರೆ ದೊಡ್ಡಮ್ಮ, "ದೇವ್ರನ್ನ ಕೊಳೆ ಇಟ್ಕಂಡು ಪೂಜೆ ಮಾಡಕಾಗ್ತೈತೇನಲೇ?" ಎಂದು ಗದರಿಸುತ್ತಿದ್ದಳು. ಕಿತ್ತು ನೋಡೋಣ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಹೋದ ವರ್ಷದ ಒಂದು ಅಮಾವಾಸ್ಯೆ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅವಳು ತಿಕ್ಕುತ್ತಿದ್ದಂತೆ ಒಣಗಿದ ಅರಗು ಬಿರಿದು ನಾಣ್ಯ ಅವಳ ಅಂಗೈಗೆ ಬಂತು. ಚೂಪು ಮೂಗು, ಬಿಗಿದ ತುಟಿ, ತಲೆಗೆ ಎಲೆಗಳ ಮಾಲೆ! ಅರಗಿನಡಿ ಇದ್ದ ಮುಖ ಒಂಚೂರೂ ಸವೆದಿರಲಿಲ್ಲ. ಖುಷಿಗೆ ನನಗೆ ಅಳುವೇ ಬಂತು.

ದೊಡ್ಡಮ್ಮ ನಾಣ್ಯ ಮಗುಚಿ ನೋಡುತ್ತಿದ್ದದ್ದು ಇನ್ನೊಂದು ಬದಿಯನ್ನು. ಆಗಷ್ಟೇ ಪೊರೆ ತೆಗೆಸಿಕೊಂಡು ನಿಚ್ಚಳವಾಗಿದ್ದ ಅವಳ ಕಣ್ಣಿಗೆ ಅಲ್ಲಿ ನುಣುಪಾದ ಬಿಲ್ಲೆಯಷ್ಟೇ ಕಂಡಿತು. "ನಮ್ಮಮ್ಮ ಎಲ್ಲೋ? ನಾನೇ ತಿಕ್ಕಿ ತಿಕ್ಕಿ ಕಳ್ಕಂಡ್ನೇನೋ?" ಎಂದಳು.

ದೇವರೇ ಅಳಿಸಿಹೋಯಿತಲ್ಲ, ನಾಣ್ಯ ನನಗೆ ಕೊಡು ಎಂದಿದ್ದರೆ ಕೊಟ್ಟೇಬಿಡುತ್ತಿದ್ದಳು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದದ್ದೂ ನಿಜ. ಆದರೆ ಅವಳ ಮುಖ ನೋಡಲಾಗಲಿಲ್ಲ. ಸವೆದ ನಾಣ್ಯವನ್ನು ನಾವು ಓದುವುದು ಓರೆಬಿಸಿಲಿನಲ್ಲಿ. ಅವಳನ್ನು ಹೊಸ್ತಿಲಿಗೆ ಕರೆತಂದು, ಎಳೆಬಿಸಿಲಿಗೆ ನಾಣ್ಯವನ್ನು ವಾಲಿಸಿ ಹಿಡಿದೆ. ಮೊದಲು ಪೀಠದ ಗೆರೆ, ಆಮೇಲೆ ಭುಜ, ಕೋಲು ಹಿಡಿದ ಕೈ ನೆರಳಾಗಿ ಎದ್ದವು.

"ಐತೆ ಕಣೋ! ಕುಂತಾಳೆ!" ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ಮ್ಯಾಲೆ ಹುಣಸೆಹಣ್ಣು ಬ್ಯಾಡ. ನನ್ನ ಕೈ ಒರಟು. ಅಮಾಸೆಗೆ ನೀನೇ ಬಂದು ತೊಳಿಯಪ್ಪ."

ಅಂದೇ ಶುರುಮಾಡಿದೆ. ಬರೀ ನೀರಿನಲ್ಲಿ ಅದ್ದಿ, ಹತ್ತಿಬಟ್ಟೆಯಲ್ಲಿ ಒತ್ತಿ, ಅಮ್ಮನನ್ನು ಮೇಲೆ ಮಾಡಿ ಇಡಲು ಹೋದೆ. ದೊಡ್ಡಮ್ಮ ತಡೆದಳು.

"ತಡಿ, ಆ ಗಂಡಸಿಗೂ ಒಂದು ಹೂ ಇಡು. ಇಷ್ಟು ಕಾಲ ಅಮ್ಮನ್ನ ಹೊತ್ಕಂಡಿದಾನೆ."