ಅಕ್ಕನ ಕಡೆಯ ಕಿಟಕಿ

ಪಿಕಪ್ ಗಾಡಿಯ ಹಿಂಭಾಗಕ್ಕೆ, ಪ್ರವಾಸದಲ್ಲಿ ಒಳಗೇ ಮಲಗಲು ಆಗುವಂಥ ಫೈಬರ್ ಗೂಡೊಂದನ್ನು ಆರಿಸಲು ನಾನೂ ಅಕ್ಕನೂ ಸಾರಕ್ಕಿಯ ವರ್ಕ್‌ಶಾಪಿಗೆ ಹೋಗಿದ್ದೆವು. ನಾನು ಮಿಲಿಮೀಟರ್ ಲೆಕ್ಕದ ಡ್ರಾಯಿಂಗ್ ಒಯ್ದಿದ್ದೆ. ಮಾಲೀಕರು ಅದನ್ನು ಮಡಚಿ ಪಕ್ಕಕ್ಕಿಟ್ಟರು.

“ಮೊದಲು ಸ್ಯಾಂಪಲ್ ಒಳಗೆ ಮಲಗಿ ನೋಡಿ ಸಾರ್. ಮಲಗದವರ ಆರ್ಡರ್ ನಾನು ತಗೊಳ್ಳಲ್ಲ.”

“ಅಳತೆ ಎಲ್ಲ ಬರೆದಿದ್ದೀನಲ್ರೀ.”

“ಪೇಪರ್ ಮೇಲೆ ಎಲ್ಲರೂ ನೆಟ್ಟಗೇ ಮಲಗ್ತಾರೆ ಸಾರ್.”

ಹಾಡುಹಗಲು, ಬಸ್ಸಿನವರೆಲ್ಲ ನೋಡುವ ಹಾಗೆ ರಸ್ತೆ ಬದಿಗಿಟ್ಟ, ಹಿಂಬಾಗಿಲು ತೆರೆದ ಗೂಡಿನಲ್ಲಿ ಮಲಗುವುದೇ? ಖಡಾಖಂಡಿತವಾಗಿ ಆಗಲ್ಲ ಎಂದೆ. ಅಷ್ಟರಲ್ಲಿ ಎಪ್ಪತ್ತರ ಅಕ್ಕ ಸ್ಟೂಲ್ ಹತ್ತಿ ಒಳಗೆ ಸೇರಿ ಚಾಪೆಯ ಮೇಲೆ ಅಡ್ಡಾಗಿದ್ದಳು.

“ಬಾರೋ, ಅಪ್ಪನ ವ್ಯಾನಲ್ಲಿ ಹೀಗೇ ತಾನೇ ಮಲಗ್ತಿದ್ದಿದ್ದು!”

ಶೂ ಬಿಚ್ಚಿ ಹತ್ತಿದೆ. ಚಿಕ್ಕಂದಿನಲ್ಲಿ ಆ ವ್ಯಾನು ನಿಂತಲ್ಲೆಲ್ಲ ಅಕ್ಕ ಟಾರ್ಪಾಲಿನ ಅಂಚೆತ್ತಿ ಇಣುಕಿ, ಹೊರಗೆ ಕಂಡ ಹೋಟೆಲು, ಎಮ್ಮೆ, ಜಗಳ ಎಲ್ಲವನ್ನೂ ಪಕ್ಕದಲ್ಲಿ ಮಲಗಿದ್ದ ನನ್ನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಈಗಲೂ ಅವಳ ಕೈ ತಾನಾಗಿ ಪಕ್ಕದ ಗೋಡೆಯನ್ನು ಸವರಿತು. ಎತ್ತಲು ಅಂಚೇ ಇರಲಿಲ್ಲ.

“ಏನೂ ಕಾಣ್ಸಲ್ವಲ್ಲೋ. ನಿಂಗೇನು ಹೇಳ್ಲಿ?” ಎಂದಳು.

ನನ್ನ ಡ್ರಾಯಿಂಗಿನಲ್ಲೂ ಕಿಟಕಿ ಇರಲಿಲ್ಲ. ನೀರು ಸೋರುತ್ತದೆಂದು ನಾನೇ ಬಿಟ್ಟಿದ್ದೆ. ಮಲಗಿದಲ್ಲಿಂದಲೇ ಮಾಲೀಕರನ್ನು ಕರೆದು, ಅಕ್ಕನ ಕಣ್ಣಿನ ಎತ್ತರಕ್ಕೆ ಒಂದು ಕಿಟಕಿ ಬೇಕೆಂದೆ.

“ಮಳೇಲಿ ಸೋರಬಹುದು ಸಾರ್, ಗ್ಯಾರಂಟಿ ಕೊಡಲ್ಲ.”

“ಸೋರಲಿ ಬಿಡ್ರೀ.”

ತೊಟ್ಟಿಕ್ಕುವ ಒಂದೇ ಒಂದು ನಲ್ಲಿಗೆ ಪ್ಲಂಬರ್‌ನನ್ನು ನಾಲ್ಕು ಸಲ ಕರೆಸಿದವನು ನಾನು. ಆ ಮಾತು ನನ್ನ ಬಾಯಿಂದಲೇ ಬಂತೆಂದು ಅಕ್ಕ ಆಣೆ ಮಾಡಿ ಹೇಳಿದರೂ ಮನೆಯಲ್ಲಿ ಇನ್ನೂ ಯಾರೂ ನಂಬಿಲ್ಲ.